ಮಂಡಿಯ ಲೆಕ್ಕಕ್ಕೆ ಯಾವ ಬೀಗ?

ಹೋದ ವರ್ಷ ಅಡಿಕೆ ಸುಗ್ಗಿ ಮುಗಿಯುವ ಹೊತ್ತು. ಒಂದು ಸೋಮವಾರ ಬೆಳಿಗ್ಗೆ ನಮ್ಮ ಗುಂಪಿನ ಗೆಳತಿಗೆ ಅವಳ ದೊಡ್ಡಪ್ಪ ಫೋನ್ ಮಾಡಿದರು. ಸಾಗರದ ಕಡೆ ಅವರದ್ದೊಂದು ಸಣ್ಣ ಅಡಿಕೆ ಮಂಡಿ ಇದೆ. "ಕಂಪ್ಯೂಟರಲ್ಲಿ ಏನೋ ಇಂಗ್ಲಿಷಲ್ಲಿ ಬರೆದು ಬಂದಿದೆ, ಲೆಕ್ಕ ಯಾವುದೂ ತೆಗೀತಾ ಇಲ್ಲ. ನೀವು ಓದಿದ ಹುಡುಗರು, ಬಂದು ಒಂಚೂರು ನೋಡಿ" ಅಂದರು.

ನಾವು ಓದಿದ್ದು ಪತ್ರಿಕೋದ್ಯಮ, ಕಂಪ್ಯೂಟರ್ ಅಲ್ಲ. ಈ ಬ್ಲಾಗ್ ನಡೆಸುತ್ತೇವೆ ಅಂದಮೇಲೆ ಎಲ್ಲ ಗೊತ್ತಿರುತ್ತೆ ಅನ್ನೋದು ಅವರ ನಂಬಿಕೆ. ಮೂವರೂ ಹೋದೆವು. ಪರದೆ ಮೇಲೆ ಬೆದರಿಕೆ ಪತ್ರ: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಚ್ಚಬೇಕಾದರೆ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಡಿ. ಬ್ಯಾಕಪ್ ಇತ್ತು. ಆದರೆ ಅದಿದ್ದ ಪೆನ್‌ಡ್ರೈವ್ ಸದಾ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ಒಳಗಿದ್ದದ್ದು ಐದು ತಿಂಗಳ ಲೆಕ್ಕ. ಯಾವ ರೈತರು ಎಷ್ಟು ಕ್ವಿಂಟಲ್ ರಾಶಿ ತಂದರು, ಎಷ್ಟು ಬೆಟ್ಟೆ ತಂದರು, ಯಾರು ಎಷ್ಟು ಮುಂಗಡ ತೆಗೆದುಕೊಂಡರು, ಯಾರಿಗೆ ಇನ್ನೂ ದುಡ್ಡು ಕೊಡುವುದು ಬಾಕಿ, ಎಲ್ಲವೂ ಅಲ್ಲೇ.

ಹೇಗಾಯಿತು ಅಂತ ಕೆದಕಿದಾಗ ಗೊತ್ತಾಯಿತು. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿದ್ದಾನೆ. ರಾತ್ರಿ ಅಲ್ಲಿಂದಲೇ ಲೆಕ್ಕ ನೋಡುತ್ತಾನೆ. ಇಪ್ಪತ್ತು ಕಿಲೋಮೀಟರ್ ಆಚೆಯ ಗೋದಾಮಿನ ಗುಮಾಸ್ತರೂ ಇದೇ ಕಂಪ್ಯೂಟರಿನಲ್ಲಿ ತೂಕ ಬರೆಯುತ್ತಾರೆ. ಅದಕ್ಕಾಗಿ ಕಂಪ್ಯೂಟರ್ ಜೋಡಿಸಿದವರು ರೌಟರ್‌ನಲ್ಲಿ 'ರಿಮೋಟ್ ಡೆಸ್ಕ್‌ಟಾಪ್' ಬಾಗಿಲನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದರು. ಆ ಬಾಗಿಲಿನ ಸಂಖ್ಯೆ 3389 ಅಂತ ಜಗತ್ತಿಗೆಲ್ಲ ಗೊತ್ತು. ಹಗಲೂ ರಾತ್ರಿ ಸಿಕ್ಕಸಿಕ್ಕ ವಿಳಾಸಗಳಲ್ಲಿ ಆ ಬಾಗಿಲು ಬಡಿಯುತ್ತಾ, ಪಾಸ್‌ವರ್ಡ್ ಊಹಿಸುತ್ತಾ ಹೋಗುವ ಪ್ರೋಗ್ರಾಂಗಳಿವೆ. ದೊಡ್ಡಪ್ಪನ ಮೇಲೆ ಯಾರಿಗೂ ಹಗೆ ಇರಲಿಲ್ಲ. ಮಂಡಿಯ ಹೆಸರಿನ ಮುಂದೆ 123 ಸೇರಿಸಿದರೆ ಅದೇ ಪಾಸ್‌ವರ್ಡ್ ಆಗಿತ್ತು, ಅಷ್ಟೇ.

ದುಡ್ಡು ಕೊಡಲಿಲ್ಲ. ರೈತರಿಗೆ ಹೇಳಿ ಕಳಿಸಿದೆವು. ತೂಕದ ಚೀಟಿ ಹಿಡಿದು ಒಬ್ಬೊಬ್ಬರೇ ಬಂದರು. ಒಬ್ಬ ಅಜ್ಜಿ ಬಿಸ್ಕತ್ ಡಬ್ಬಿಯಲ್ಲಿ ಐದು ತಿಂಗಳ ಚೀಟಿಯನ್ನೂ ಜೋಡಿಸಿ ತಂದಿದ್ದರು. ಲೆಕ್ಕ ಮತ್ತೆ ಕಟ್ಟೋಕೆ ಇಪ್ಪತ್ತು ದಿನ ಬೇಕಾಯಿತು. ಚೀಟಿ ಕಳೆದುಕೊಂಡವರು ಬಾಯಲ್ಲಿ ಹೇಳಿದ್ದನ್ನೇ ದೊಡ್ಡಪ್ಪ ಬರೆಸಿಕೊಂಡರು. "ನನ್ನ ನಂಬಿ ಅಡಿಕೆ ಹಾಕಿದಾರೆ, ಈಗ ನಾನು ಅವರ ಮಾತು ನಂಬಬೇಕಪ್ಪ" ಅಂದರು. ಆಮೇಲೆ ನಮ್ಮ ಕಡೆ ತಿರುಗಿ, "ಇನ್ನೊಂದು ಸಲ ಹೀಗಾಗಬಾರದು, ಅದನ್ನ ನೀವು ನೋಡ್ಕೊಳ್ಳಿ" ಅಂದರು.

ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನಮ್ಮೂರಿನ ಅಣ್ಣ ಒಬ್ಬರನ್ನು ಕೇಳಿದೆವು. "ಆ ಬಾಗಿಲು ಮೊದಲು ಮುಚ್ಚಿ, ವಿಪಿಎನ್ ಹಾಕಿ" ಅಂದರು. ಫೋನಲ್ಲಿ ಜಾಹೀರಾತು ಬರುತ್ತಲ್ಲ, ಪುಕ್ಕಟೆ ವಿಪಿಎನ್ ಆಪ್, ಅದಲ್ಲ ಇದು. ಹೊರಗಿನ ಫೋನು, ಕಂಪ್ಯೂಟರುಗಳಿಂದ ಮಂಡಿಯ ರೌಟರ್‌ವರೆಗೆ ನಮ್ಮದೇ ಒಂದು ಮುಚ್ಚಿದ ದಾರಿ. ಆ ದಾರಿಯಲ್ಲಿ ಎರಡು ಕಡೆಯವರು ಹೇಗೆ ಗುರುತು ಹಿಡಿಯಬೇಕು, ಮಾತನ್ನು ಹೇಗೆ ಗುಟ್ಟು ಮಾಡಬೇಕು ಅನ್ನುವ ಕ್ರಮಕ್ಕೆ ಪ್ರೋಟೋಕಾಲ್ ಅನ್ನುತ್ತಾರೆ. ಅಂಥವು ನಾಲ್ಕೈದಿವೆ. ಯಾವುದು ಅನ್ನೋದೇ ಪ್ರಶ್ನೆ.

ಮಂಡಿಯ ಹಳೇ ರೌಟರ್‌ನಲ್ಲೇ ಪಿಪಿಟಿಪಿ ಅಂತ ಒಂದಿತ್ತು. ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು, ಖರ್ಚಿಲ್ಲ. ನಮಗೆ ಬಲು ಖುಷಿ. ಕಂಪ್ಯೂಟರಿನಲ್ಲಿ ಓಡಿತು. ದೊಡ್ಡಪ್ಪನ ಮಗನ ಐಫೋನಿನಲ್ಲಿ ಹಾಕಲು ಹೋದರೆ ಆ ಆಯ್ಕೆಯೇ ಇಲ್ಲ! ಯಾಕೆ ಅಂತ ಹುಡುಕಿದಾಗ ನಮ್ಮ ಖುಷಿ ಇಳಿಯಿತು. 2016ರಲ್ಲೇ ಆಪಲ್ ಅದನ್ನು ಕಿತ್ತುಹಾಕಿದೆ. ಆಂಡ್ರಾಯ್ಡ್ 12ರಿಂದೀಚೆಗೆ ಅಲ್ಲೂ ಹೊಸದಾಗಿ ಸೇರಿಸಲು ಬರುವುದಿಲ್ಲ. ಪಿಪಿಟಿಪಿ 1990ರ ದಶಕದ್ದು. ಅದು ಸಾಮಾನ್ಯವಾಗಿ ಪಾಸ್‌ವರ್ಡ್ ಪರೀಕ್ಷಿಸುವ ಕ್ರಮವನ್ನು ಒಂದು ದಿನದೊಳಗೆ ಮುರಿಯಬಹುದು ಅಂತ 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೋರಿಸಿಬಿಟ್ಟಿದ್ದರು. ನಮ್ಮ ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಪ್ರಯೋಜನವಿಲ್ಲ. ತುಕ್ಕು ಹಿಡಿದ ಬೀಗವನ್ನು ಹೊಸ ಬಾಗಿಲಿಗೆ ಹಾಕಲು ಹೊರಟಿದ್ದೆವು.

ಉಳಿದದ್ದು ಮುಖ್ಯವಾಗಿ ಮೂರು. ಒಂದು, ಐಕೆಇವಿ2. ಫೋನು, ವಿಂಡೋಸ್ ಎರಡರಲ್ಲೂ ಮೊದಲೇ ಇರುತ್ತದೆ, ಸರಿಯಾಗಿ ಹಾಕಿದರೆ ಗಟ್ಟಿ. ಆದರೆ ಆರಿಸಬೇಕಾದ ಸಂಗತಿಗಳು ಹತ್ತಾರು, ಒಂದು ತಪ್ಪು ಆರಿಸಿದರೂ ಬೀಗ ಸಡಿಲ. ಕಂಪ್ಯೂಟರ್ ವಿಭಾಗವೇ ಇರುವ ಕಂಪನಿಗೆ ಸರಿ, ನಮ್ಮಂಥವರಿಗೆ ಭಯ.

ಎರಡು, ಓಪನ್‌ವಿಪಿಎನ್. 2001ರಿಂದ ಇದೆ, ಬಹಳ ಜನ ಪರೀಕ್ಷಿಸಿದ್ದಾರೆ. ಕೆಲವು ನೆಟ್‌ವರ್ಕ್‌ಗಳು ಬೇರೆ ವಿಪಿಎನ್ ತಡೆದರೂ ಇದು ಸಾಮಾನ್ಯ ವೆಬ್‌ಸೈಟಿನ ಬಾಗಿಲಿನಿಂದಲೇ ಹೋಗಬಲ್ಲದು. ನಾವು ಹಾಕಿ ನೋಡಿದೆವು. ಆದರೆ ನಮ್ಮ ಮಲೆನಾಡಿನ ಸಿಗ್ನಲ್ ಗೊತ್ತಲ್ಲ, ತಿರುವಿಗೊಂದು ಸಲ ಹೋಗಿ ಬರುತ್ತದೆ. ಪ್ರತಿ ಸಲವೂ ಮತ್ತೆ ಸೇರಿಕೊಳ್ಳುವವರೆಗೆ ಗುಮಾಸ್ತರು ಕಾಯಬೇಕಾಯಿತು. ಬೇಸತ್ತು "ಹಳೇದೇ ಚೆನ್ನಾಗಿತ್ತು ಮಾರಾಯ್ರೆ" ಅಂದರು. ಅವರು ಹಾಗೆ ಅಂದಾಗ ನಮಗೆ ಇನ್ನೊಂದು ಹೊಳೆಯಿತು. ಬಳಸುವವರಿಗೆ ಕಷ್ಟವಾದರೆ ಅವರೇ ಹಿಂದಿನ ಬಾಗಿಲು ತೆರೆಸುತ್ತಾರೆ.

ಮೂರು, ವೈರ್‌ಗಾರ್ಡ್. ಜೇಸನ್ ಡೊನೆನ್‌ಫೀಲ್ಡ್ ಬರೆದದ್ದು. 2020ರಲ್ಲಿ ಲಿನಕ್ಸ್‌ನ ಒಳಗೇ ಸೇರಿತು. ಅಲ್ಲಿನ ಅದರ ಕೋಡ್ ಸುಮಾರು 4,000 ಸಾಲು ಅಷ್ಟೇ, ತಪ್ಪಿದ್ದರೆ ಓದಿ ಹುಡುಕುವುದು ಸುಲಭ. ಗುಟ್ಟು ಮಾಡುವ ವಿಧಾನ ಆರಿಸುವ ಕೆಲಸವನ್ನೇ ಬಳಸುವವರಿಗೆ ಬಿಟ್ಟಿಲ್ಲ, ಹಾಗಾಗಿ ಅಲ್ಲಿ ತಪ್ಪು ಆರಿಸಲು ಬರುವುದಿಲ್ಲ. ಸಿಗ್ನಲ್ ಹೋಗಿ ಬಂದರೂ ಸಲೀಸಾಗಿ ಮುಂದುವರಿಯುತ್ತದೆ. ನಮಗೆ ಬಹಳ ಹಿಡಿಸಿದ್ದು ಇನ್ನೊಂದು: ಕೀಲಿ ಇಲ್ಲದವರು ಬಾಗಿಲು ಬಡಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಬಡಿದವರಿಗೆ ಅಲ್ಲಿ ಬಾಗಿಲಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಅದನ್ನೇ ಆರಿಸಿದೆವು. ವೈರ್‌ಗಾರ್ಡ್ ಇರುವ ಹೊಸ ರೌಟರ್ ತಂದು, 3389ರ ಬಾಗಿಲು ಮುಚ್ಚಿದೆವು. ಗೋದಾಮಿನಲ್ಲಿರುವುದು ಸಿಮ್ ಹಾಕುವ ಡೋಂಗಲ್. ಮೊಬೈಲ್ ಸಂಪರ್ಕದಲ್ಲಿ ಹೊರಗಿನ ವಿಳಾಸ ನಮಗೊಬ್ಬರಿಗೇ ಸಿಗುವುದು ಕಡಿಮೆ, ಹಲವರಿಗೆ ಒಂದೇ ಹಂಚಿರುತ್ತಾರೆ. ಆದರೆ ಗೋದಾಮಿನಿಂದ ಮಂಡಿಗೆ ಕರೆ ಹೋದರೆ ಸಾಕಾದ್ದರಿಂದ ತೊಂದರೆಯಾಗಲಿಲ್ಲ.

ಇಷ್ಟಾದ ಮೇಲೂ ನಾವು ಎಡವಿದೆವು. ವೈರ್‌ಗಾರ್ಡ್‌ನಲ್ಲಿ ಫೋನಿಗೆ ಕ್ಯೂಆರ್ ಕೋಡ್ ತೋರಿಸಿದರೆ ಮುಗಿಯಿತು, ಫೋನ್‌ಪೇ ಮಾಡಿದ ಹಾಗೆ. ಬೆಂಗಳೂರಿನ ಮಗನಿಗೆ ಅದರ ಫೋಟೋ ತೆಗೆದು ವಾಟ್ಸಾಪಿನ ಮನೆ ಗ್ರೂಪಿಗೆ ಹಾಕಿಬಿಟ್ಟೆವು. ಅಣ್ಣನಿಗೆ ಹೇಳಿದಾಗ ಸರಿಯಾಗಿ ಬೈಸಿಕೊಂಡೆವು. "ಆ ಚಿತ್ರದೊಳಗೇ ಕೀಲಿ ಇರೋದು ಕಣ್ರೋ! ಮಂಡಿ ಕೀಲಿಯನ್ನ ಮೂವತ್ತು ಜನಕ್ಕೆ ಹಂಚಿದ್ದೀರಿ." ಆ ಕೀಲಿ ಅಳಿಸಿ ಹೊಸದು ಮಾಡಿದೆವು. ಮಗ ಊರಿಗೆ ಬಂದಾಗ ಎದುರಿಗೇ ಕೂರಿಸಿ ಹಾಕಿಕೊಟ್ಟೆವು.

ಅವತ್ತೇ ದೊಡ್ಡಪ್ಪ ಒಂದು ಪುಸ್ತಕ ತೆರೆದರು. ಯಾರಿಗೆ, ಯಾವ ಫೋನಿಗೆ ಕೀಲಿ, ಕೊಟ್ಟ ದಿನ, ವಾಪಸ್ ಪಡೆದ ದಿನ. ಒಬ್ಬರಿಗೆ ಒಂದು ಕೀಲಿ, ಹಂಚಿಕೊಳ್ಳುವ ಹಾಗಿಲ್ಲ.

ಮೊನ್ನೆ ಮಳೆಗಾಲದಲ್ಲಿ ಗುಮಾಸ್ತರ ಫೋನ್ ಬಸ್ಸಿನಲ್ಲಿ ಕಳೆಯಿತು. ಬೇರೆಯವರ ನಂಬರಿನಿಂದ ಫೋನ್ ಮಾಡಿದರು, ದನಿ ನಡುಗುತ್ತಿತ್ತು. ವೈರ್‌ಗಾರ್ಡ್ ತಾನಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಫೋನಿನ ಲಾಕ್ ತೆಗೆದವರಿಗೆ ಆ ದಾರಿಯೂ ಸಿಕ್ಕ ಹಾಗೆ. ದೊಡ್ಡಪ್ಪ ಪುಸ್ತಕ ನೋಡಿ ಯಾವ ಕೀಲಿ ಅಂತ ಹೇಳಿದರು, ನಾವು ರೌಟರ್‌ನಲ್ಲಿ ಅದೊಂದನ್ನೇ ಅಳಿಸಿದೆವು. ಹತ್ತು ನಿಮಿಷದ ಕೆಲಸ. ಉಳಿದವರ ಕೆಲಸ ನಿಲ್ಲಲಿಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದ ಕಾಲದಲ್ಲಾಗಿದ್ದರೆ?

ನಮ್ಮನ್ನು ಕೆಲವರು ಕೇಳುತ್ತಾರೆ, ವಿಪಿಎನ್ ಹಾಕಿದರೆ ಪೊಲೀಸರು ಹಿಡಿಯುತ್ತಾರಾ ಅಂತ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಗಿರಾಕಿಗಳ ವಿವರವನ್ನು ಐದು ವರ್ಷ ಇಡಬೇಕು ಅಂದದ್ದು ಜನರಿಗೆ ವಿಪಿಎನ್ ಸೇವೆ ಮಾರುವ ಕಂಪನಿಗಳಿಗೆ. ಸಂಸ್ಥೆಗಳು ತಮ್ಮ ಒಳಕೆಲಸಕ್ಕೆ ಇಟ್ಟುಕೊಂಡ ವಿಪಿಎನ್‌ಗೆ ಆ ನಿಯಮವಿಲ್ಲ ಅಂತ ಆಮೇಲೆ ಅವರೇ ಸ್ಪಷ್ಟ ಮಾಡಿದ್ದಾರೆ.

ನಿಮ್ಮ ಹಾಲಿನ ಡೈರಿ, ಸೊಸೈಟಿ, ಅಂಗಡಿಯ ಲೆಕ್ಕವನ್ನೂ ಯಾರಾದರೂ ದೂರದಿಂದ ನೋಡುತ್ತಿದ್ದರೆ, ಜೋಡಿಸಿಕೊಟ್ಟವರನ್ನು ಮೂರು ಮಾತು ಕೇಳಿ. ರಿಮೋಟ್ ಡೆಸ್ಕ್‌ಟಾಪ್ ನೇರ ಇಂಟರ್‌ನೆಟ್ಟಿಗೆ ತೆರೆದಿದೆಯಾ? ವಿಪಿಎನ್ ಇದ್ದರೆ ಯಾವ ಪ್ರೋಟೋಕಾಲ್? ಪಿಪಿಟಿಪಿ ಅಂದರೆ ಬದಲಾಯಿಸಿ. ಒಬ್ಬರು ಕೆಲಸ ಬಿಟ್ಟರೆ ಅವರ ಕೀಲಿಯೊಂದನ್ನೇ ತೆಗೆಯಲು ಬರುತ್ತದಾ?

ಮಂಡಿಯಲ್ಲಿ ಈಗ ಸಂಜೆ ಬ್ಯಾಕಪ್ ಆದ ಕೂಡಲೇ ಡಿಸ್ಕ್ ಕಳಚಿ ಬೀರುವಿನಲ್ಲಿಡುತ್ತಾರೆ, ಕೀಲಿ ಪುಸ್ತಕದ ಪಕ್ಕದಲ್ಲೇ. ಬಿಸ್ಕತ್ ಡಬ್ಬಿಯ ಅಜ್ಜಿ ಮೊನ್ನೆ ಬಂದಾಗ, ಕಂಪ್ಯೂಟರ್ ಸರಿಯಾಯ್ತಾ ಅಂತ ಕೇಳಿದರು. ಆಯ್ತು ಅಂದೆವು. "ಆದ್ರೂ ಚೀಟಿ ಕೊಡೋದು ಬಿಡಬೇಡಿ ತಮ್ಮಾ" ಅಂದರು. ಬಿಟ್ಟಿಲ್ಲ.