ಈಳಿಗೆಮಣೆ ಮತ್ತು ಅಡುಗೆಮನೆ

ಒಳ್ಳೆಯ ಸಲಕರಣೆ ತಾನಾಗಿಯೇ ಗೆಲ್ಲುತ್ತದೆ ಎಂದು ನಂಬುವವರಿಗೆ ನಾನು ಸ್ಮಾಲ್‌ಟಾಕ್‌ನ ಕತೆ ಹೇಳುತ್ತೇನೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ರೂಪಿಸಿದ ಭಾಷೆ ಅದು. ಪ್ರೋಗ್ರಾಮನ್ನು ಬರೆಯುವುದು, ಓಡಿಸುವುದು, ತಿದ್ದುವುದು ಎಲ್ಲಕ್ಕೂ ಅಲ್ಲಿ ಒಂದೇ ಸೂರು. ಓಡುತ್ತಿರುವಾಗ ತಪ್ಪು ಸಿಕ್ಕಿದರೆ ಅಲ್ಲೇ ತಿದ್ದಿ ಮುಂದುವರಿಸಬಹುದು. ಮೊದಲ ಸಲ ಬಳಸಿದ ರಾತ್ರಿ, ಇದು ನನಗಿಂತ ಹಿರಿಯದೆಂದು ನಂಬಲು ಕಷ್ಟವಾಯಿತು.

1981ರ ಆಗಸ್ಟಿನಲ್ಲಿ ಬೈಟ್ ಪತ್ರಿಕೆ ಅದಕ್ಕೆಂದೇ ಸಂಚಿಕೆಯೊಂದನ್ನು ಮೀಸಲಿಟ್ಟಿತು. ಆದರೂ ಪೇಟೆ ಒಲಿಯಲಿಲ್ಲ. ಬರೆದದ್ದೆಲ್ಲ 'ಇಮೇಜ್' ಎಂಬ ಕಡತದೊಳಗೆ ಬದುಕುತ್ತಿತ್ತು. ಪ್ರೋಗ್ರಾಮರು ತಮಗೆ ರೂಢಿಯಾದ ಎಡಿಟರ್ ಮೊದಲಾದವನ್ನು ಬಾಗಿಲಾಚೆ ಬಿಟ್ಟು ಬರಬೇಕಿತ್ತು. ಒಳ್ಳೆಯ ಈಳಿಗೆಮಣೆ ಕೇಳಿದವರಿಗೆ ಅಡುಗೆಮನೆಯನ್ನೇ ಬದಲಿಸಿ ಅಂದಂತೆ. ಮೇಲಾಗಿ ವಾಣಿಜ್ಯ ಆವೃತ್ತಿಗಳಿಗೆ ಸಾವಿರಾರು ಡಾಲರ್ ಬೆಲೆ. 1995ರಲ್ಲಿ ಸನ್ ಕಂಪನಿ ಜಾವಾವನ್ನು ಪುಕ್ಕಟೆ ಕೊಟ್ಟಿತು. ಸಿ ಭಾಷೆ ಕಲಿತವರಿಗೆ ಅದರ ಬರವಣಿಗೆ ಪರಿಚಿತವೂ ಆಗಿತ್ತು. ಸ್ಮಾಲ್‌ಟಾಕ್ ಬೆಂಬಲಿಸಿದ್ದ ಐಬಿಎಂ ಕೂಡ ಅತ್ತ ವಾಲಿತು.

ಈ ಕತೆ ನನ್ನನ್ನು ಕಾಡಲು ಕಾರಣವಿದೆ. ಬೇರೆಯವರ ಪ್ರೋಗ್ರಾಮನ್ನು ಓದಿ ಅರ್ಥಮಾಡಿಕೊಳ್ಳಲು ನೆರವಾಗುವ ಸಲಕರಣೆಯೊಂದನ್ನು ಪಿಎಚ್.ಡಿ.ಗಾಗಿ ನಾಲ್ಕು ವರ್ಷದಿಂದ ಕಟ್ಟುತ್ತಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳತಿಗೆ ತೋರಿಸಿದೆ. "ತುಂಬಾ ಚೆನ್ನಾಗಿದೆ ಕಣೇ. ಆದ್ರೆ ನಮ್ಮ ಟೀಮಲ್ಲಿ ಹನ್ನೆರಡು ಜನ ಇದೀವಿ, ನಾನೊಬ್ಳೇ ಬಳಸಿ ಏನ್ಮಾಡ್ಲಿ?" ಅಂದಳು. ಮೆಚ್ಚಲು ಒಬ್ಬಳು ಸಾಕು, ಒಗ್ಗಿಕೊಳ್ಳಬೇಕಾದವರು ಹನ್ನೆರಡು ಮಂದಿ.

ಹಾಗಂತ ಸ್ಮಾಲ್‌ಟಾಕ್‌ನ ದುಡಿಮೆ ಮಣ್ಣುಪಾಲಾಗಲಿಲ್ಲ. ಕೆಂಟ್ ಬೆಕ್ ಅದಕ್ಕೆಂದು ಬರೆದ ಪರೀಕ್ಷಾ ಚೌಕಟ್ಟೇ ಜಾವಾದ ಜೆಯೂನಿಟ್‌ಗೆ ಮಾದರಿಯಾಯಿತು. ಐಬಿಎಂಗಾಗಿ ಸ್ಮಾಲ್‌ಟಾಕ್ ಸಲಕರಣೆ ಕಟ್ಟಿದ್ದ ತಂಡದ ಅನುಭವ, 2001ರಲ್ಲಿ ಎಲ್ಲರಿಗೂ ಮುಕ್ತವಾದ ಎಕ್ಲಿಪ್ಸ್‌ನೊಳಗೆ ಸೇರಿತು. ಎರಡೂ, ಜನ ಆಗಲೇ ಒಲೆ ಹಚ್ಚಿದ್ದ ಅಡುಗೆಮನೆಗೇ ಹೋದವು.

ಈಗ ನನ್ನ ಸಲಕರಣೆಯನ್ನು ಬಿಡಿಬಿಡಿಯಾಗಿ ಬಿಚ್ಚುತ್ತಿದ್ದೇನೆ, ಒಂದೊಂದು ತುಣುಕೂ ಜನ ದಿನಾ ಬಳಸುವ ಎಡಿಟರಿನೊಳಗೆ ಕೂರುವಂತೆ. ಹಾಗೆ ಕೂತರೆ ಅದಕ್ಕೆ ನಾನಿಟ್ಟ ಹೆಸರು ಉಳಿಯಲಿಕ್ಕಿಲ್ಲ. ಆ ಹೆಸರಿನ ಮೇಲೆ ನನಗೆ ಆಸೆ ಇದ್ದೇ ಇದೆ. ಆದರೂ ಬಿಚ್ಚುತ್ತಿದ್ದೇನೆ.