ಬೆಟ್ಟಕ್ಕೆ ಹೋಗಿದ್ರಾ ಅಂತ ಕೇಳುವ ಡಾಕ್ಟ್ರು

ನಮ್ಮ ಕಡೆ ಒಳ್ಳೆ ಡಾಕ್ಟ್ರು ಅನ್ನುವುದಕ್ಕೆ ಇರುವುದು ಒಂದೇ ಮಾತು: ‘ಅವರ ಕೈಗುಣ ಚೆನ್ನಾಗಿದೆ.’ ಕೈಗುಣ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಸಾಗರ ಸೀಮೆಯ ನಮ್ಮ ಹಳ್ಳಿಗಳಿಗೆಲ್ಲ ಮೂವತ್ತು ವರ್ಷಗಳಿಂದ ಒಬ್ಬರೇ ಡಾಕ್ಟ್ರು. ಅವರ ವಿಷಯದಲ್ಲಿ ಈ ಮಾತಿನ ಅರ್ಥ ನನಗೆ ತಿಳಿದದ್ದು ಅಪ್ಪನಿಗೆ ಜ್ವರ ಬಂದಾಗ.

ಅದು ಫೆಬ್ರವರಿ ತಿಂಗಳು. ಜ್ವರ, ವಿಪರೀತ ತಲೆನೋವು, ಮೈಕೈ ನೋವು. ಅಪ್ಪ ಮೊದಲು ಹೋಗಿದ್ದು ಪೇಟೆಯ ಇನ್ನೊಂದು ಕ್ಲಿನಿಕ್ಕಿಗೆ. ಅಲ್ಲಿ ಒಂದು ಡ್ರಿಪ್ಪು, ಒಂದು ಇಂಜೆಕ್ಷನ್ನು, ಹೆಸರೇ ಇಲ್ಲದ ಪೊಟ್ಟಣದಲ್ಲಿ ನಾಲ್ಕು ಬಗೆಯ ಮಾತ್ರೆ. ಚೀಟಿ ಇಲ್ಲ. ಮೂರನೇ ದಿನವೂ ಜ್ವರ ಇಳಿಯದಿದ್ದಾಗ ನಮ್ಮ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದೆ. ಅವರು ಸ್ಟೆತಸ್ಕೋಪ್ ಮುಟ್ಟುವ ಮೊದಲು ಕೇಳಿದ್ದು, “ಸೊಪ್ಪಿಗೆ ಬೆಟ್ಟಕ್ಕೆ ಹೋಗಿದ್ರಾ ಗೌಡ್ರೇ? ಉಣುಗು ಕಚ್ಚಿತ್ತಾ? ಆ ಕಡೆ ಎಲ್ಲಾದ್ರೂ ಮಂಗ ಸತ್ತಿತ್ತಾ?”

ಮಲೆನಾಡಿನವರಿಗೆ ಈ ಪ್ರಶ್ನೆ ಯಾಕೆ ಅಂತ ಗೊತ್ತು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನೇ ತೆಗೆದುಕೊಂಡಿತು. ಇದಕ್ಕೇ ಅಂತ ಔಷಧಿ ಇಲ್ಲ. ಬೇಗ ಗುರುತಿಸಿ, ರಕ್ತಸ್ರಾವ ಆಗದಂತೆ ನಿಗಾ ಇಡಬೇಕು ಅಷ್ಟೆ. ಹಾಗಾಗಿ ಇಲ್ಲಿ ಸರಿಯಾದ ಪ್ರಶ್ನೆಯೇ ಅರ್ಧ ಚಿಕಿತ್ಸೆ.

ಡಾಕ್ಟ್ರು ಆ ಪೊಟ್ಟಣವನ್ನು ತೆಗೆದಿಟ್ಟರು. ನೋವಿನ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಮಾತ್ರ ಎಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದರು. ರಕ್ತಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. “ಇಂಜೆಕ್ಷನ್ ಇಲ್ವಾ ಡಾಕ್ಟ್ರೇ?” ಅಂತ ಅಪ್ಪ ಕೇಳಿದ್ದಕ್ಕೆ, “ನಿಮಗೆ ಸಮಾಧಾನ ಬೇಕಾ, ಗುಣ ಬೇಕಾ?” ಅಂದರು. ಫೀಸು 50 ರೂಪಾಯಿ. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಇಲ್ಲ ಅಂತ ಬಂತು. ವಾರದಲ್ಲಿ ಅಪ್ಪ ತೋಟಕ್ಕೆ ಇಳಿದರು.

ರೋಗಿಯೊಬ್ಬರ ಜೊತೆ ವೈದ್ಯರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ 67 ದೇಶಗಳ ಲೆಕ್ಕ ಹಾಕಿದ ಅಧ್ಯಯನವೊಂದು 2017ರಲ್ಲಿ ಬಂದಿತ್ತು. ಸ್ವೀಡನ್ನಿನಲ್ಲಿ ಸುಮಾರು 22 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ಡಾಕ್ಟ್ರ ಬಾಗಿಲಲ್ಲಿ ಎರಡು ಗಂಟೆ ಕಾಯುವುದು ಯಾಕೆ ಅನ್ನುವುದಕ್ಕೆ ಉತ್ತರವೂ ಇದರಲ್ಲೇ ಇದೆ: ಒಳಗೆ ಹೋದವರನ್ನು ಅವರು ಮಾತಾಡಿಸುತ್ತಾರೆ.

ಹಾಗಂತ ಎಲ್ಲವೂ ಸರಿ ಇಲ್ಲ. ಒಬ್ಬರನ್ನು ನೋಡುವಾಗ ಇನ್ನು ಮೂವರು ಅದೇ ಕೋಣೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಅಮ್ಮ ತಿಂಗಳುಗಟ್ಟಲೆ ಅತಿಯಾದ ಮುಟ್ಟಿನ ಸ್ರಾವ ಅನುಭವಿಸಿದರೂ ಅಲ್ಲಿ ಬಾಯಿ ಬಿಡಲಿಲ್ಲ. “ಬೀಗರ ಊರಿನವರೇ ಪಕ್ಕದಲ್ಲಿ ಕೂತಿರ್ತಾರೆ, ಹೇಗೆ ಹೇಳ್ಲಿ ಮಾರಾಯ್ತಿ?” ಅಂದಳು. ಕೊನೆಗೆ ಶಿವಮೊಗ್ಗಕ್ಕೆ ಹೋಗಿ ತೋರಿಸುವಾಗ ರಕ್ತಹೀನತೆ ಬಹಳ ಆಗಿತ್ತು. ಇದನ್ನು ನಾನು ಡಾಕ್ಟ್ರಿಗೆ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ವಾರ ಹೋದಾಗ ಬೆಂಚು ಹೊರಗೆ ಬಂದಿತ್ತು, ಬಾಗಿಲಿಗೆ ಪರದೆ ಬಿದ್ದಿತ್ತು.

ಈಗ ಅವರಿಗೆ ಎಪ್ಪತ್ತು ದಾಟಿದೆ. ವಾರಕ್ಕೆ ಮೂರು ದಿನ ಮಾತ್ರ ಕ್ಲಿನಿಕ್ಕು ತೆರೆಯುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲಿಗೆ ಬರುವವರು ಯಾರೂ ಇಲ್ಲ. ಉಳಿದ ನಾಲ್ಕು ದಿನ ಜನ ಡ್ರಿಪ್ಪಿನ ಕಡೆಗೇ ಹೋಗುತ್ತಿದ್ದಾರೆ.

ನಾಳೆ ಬರುವ ಡಾಕ್ಟ್ರು ಹೇಗಿರುತ್ತಾರೋ ಗೊತ್ತಿಲ್ಲ. ಆದರೆ ನಾವು ಮಾಡಬಹುದಾದದ್ದು ಸ್ವಲ್ಪ ಇದೆ. ಮಾತ್ರೆ ಕೊಟ್ಟರೆ ಚೀಟಿ ಕೇಳಿ. ಇಂಜೆಕ್ಷನ್ ಯಾಕೆ ಅಂತ ಕೇಳಿ. ಅವರು ಕೇಳದಿದ್ದರೂ, ಬೆಟ್ಟಕ್ಕೆ ಹೋಗಿದ್ದನ್ನು ನೀವೇ ಹೇಳಿ.