ಕಾರ್ಡು ಬರಲಿ, ಲೆನ್ಸ್ ಬೇಡ

ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುವ ಬೆಂಗಳೂರಿನಲ್ಲಿ ಏರಿಯಾದ ಕ್ಯಾಮೆರಾ ಅಂಗಡಿಯವರೂ ಡೆಲಿವರಿ ಶುರು ಮಾಡಬೇಕಾ? ಮಾಡಲಿ, ಆದರೆ ಎಲ್ಲದಕ್ಕೂ ಬೇಡ.

ಮದುವೆ ಸೀಸನ್ನಿನಲ್ಲಿ ಫೋಟೋಗ್ರಾಫರ್ ಪಾಡು ನೋಡಿ. ಆರತಕ್ಷತೆ, ರಾತ್ರಿ ಎಂಟು ಗಂಟೆ, ಸ್ಟೇಜಿನ ಕ್ಯೂ ಊಟದ ಹಾಲ್‌ವರೆಗೆ ಬೆಳೆದಿದೆ, ಫೋರ್‌ಕೆ ವಿಡಿಯೊ ತುಂಬಿ ಮೆಮೊರಿ ಕಾರ್ಡ್ ಫುಲ್. ಆ ಟ್ರಾಫಿಕ್ಕಿನಲ್ಲಿ ಎಸ್.ಪಿ. ರೋಡಿನ ಅಂಗಡಿಗೆ ಓಡೋಕಾಗುತ್ತಾ? ಬೇಕಾದದ್ದು ವಿ30 ಅಂತ ಗುರುತಿರುವ ಕಾರ್ಡು, ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆದುಕೊಳ್ಳುವಂಥದ್ದು. ಕ್ಯಾಮೆರಾ ಮಾಡೆಲ್ ಹೇಳಿದರೆ ಸಾಕು, ಅಂಗಡಿಯವರಿಗೆ ಉಳಿದದ್ದು ಗೊತ್ತು. ಆನ್‌ಲೈನಿನ ಗುರುತುಪರಿಚಯವಿಲ್ಲದ ಮಾರಾಟಗಾರನ ಕೈಲಿ ಸಿಕ್ಕಿಬಿದ್ದರೆ, ಮೇಲೆ 128 ಜಿಬಿ ಅಂತ ಲೇಬಲ್, ಒಳಗೆ ಅದರ ಕಾಲುಭಾಗವೂ ಇರಲ್ಲ. ತುಂಬಿದ ಮೇಲೆ ಹಳೇ ಫೋಟೋಗಳನ್ನೇ ಅಳಿಸಿ ಬರೆಯುವ ನಕಲಿ ಕಾರ್ಡುಗಳೂ ಇವೆ. ಅಜ್ಜಿಯನ್ನು ಮತ್ತೆ ಸ್ಟೇಜ್ ಹತ್ತಿಸೋರು ಯಾರು?

ಬ್ಯಾಟರಿ, ಕಾರ್ಡು, ಫಿಲ್ಮ್ ರೋಲು ಕಳಿಸೋಕೆ ಹುಡುಗನನ್ನು ಇಟ್ಟುಕೊಳ್ಳಬೇಕಾಗಿಯೂ ಇಲ್ಲ, ಪೋರ್ಟರ್ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಆಯ್ತು. ಖರ್ಚು ಗಿರಾಕಿಗಳಾದ ನಮ್ಮದೇ.

ಲೆನ್ಸ್ ಮಾತ್ರ ಅಂಗಡಿಗೇ ಹೋಗಿ ತಗೋಬೇಕು. ನಮ್ಮ ಕ್ಯಾಮೆರಾಗೆ ಹಾಕಿ, ಫೋಕಸ್ ರಿಂಗ್ ತಿರುಗಿಸಿ, ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಬೇಕು. ಅಂಗಡಿಯಲ್ಲಿ ಅರ್ಧ ಗಂಟೆ ಇದೆಲ್ಲ ಮಾಡಿ, ಆಮೇಲೆ ಹೊರಗೆ ನಿಂತು ಮೊಬೈಲಿನಲ್ಲಿ ಆರ್ಡರ್ ಮಾಡುವ ಗಿರಾಕಿಗಳಿಗೆ ಬೇಕಾದರೆ ಡೆಲಿವರಿ ಚಾರ್ಜ್ ಡಬಲ್ ಹಾಕಲಿ.